ನೀರಿನ ಹಾಗೆ ಹರಿದ ನೈಲಾನ್

ಕಲ್ಯಾಣಮ್ಮ ಮದುವೆಯಾಗಿ ಮದರಾಸಿಗೆ ಬಂದ ವರ್ಷ ಬಳ್ಳಾರಿ ಜಿಲ್ಲೆ ಇನ್ನೂ ಮದರಾಸು ರಾಜ್ಯದಲ್ಲೇ ಇತ್ತು. ಕೊಟ್ಟೂರಿನ ಅವಳ ತವರಿನವರು ಮಗಳನ್ನು ದೂರ ಕೊಟ್ಟೆವು ಅಂದುಕೊಂಡರೇ ಹೊರತು ಬೇರೆ ರಾಜ್ಯಕ್ಕೆ ಕೊಟ್ಟೆವು ಅಂದುಕೊಳ್ಳಲಿಲ್ಲ. ಆಮೇಲೆ ಗಡಿ ಬದಲಾಯಿತು, ಬಳ್ಳಾರಿ ಮೈಸೂರಿಗೆ ಸೇರಿತು. ಕಲ್ಯಾಣಮ್ಮ ಮಾತ್ರ ಪುರಸೈವಾಕ್ಕಂನ ಓಣಿಯಲ್ಲೇ ಉಳಿದಳು.

ಗಂಡ ಮುರುಗೆಪ್ಪ ಮಾತು ಕಡಿಮೆಯ, ಕೈಕೆಲಸ ಬಲ್ಲ ಮನುಷ್ಯ. ಮನೆಯ ಹಿಂದೆ ತಗಡಿನ ಮಾಡಿನ ಕೆಳಗೆ ಅವನ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದೇ ಒಂದು ಕೈಮಿಷನ್ನು: ನೆಟ್ಟಗೆ ನಿಂತ ಕಬ್ಬಿಣದ ಕಂಬ, ಅದಕ್ಕೆ ಕರೆಂಟಿನಿಂದ ಕಾಯುವ ಒಂದು ಕೊಳವೆ, ಮೇಲೊಂದು ಉದ್ದನೆಯ ಹಿಡಿಕೆ. ಕೊಳವೆಗೆ ಪ್ಲಾಸ್ಟಿಕ್ ಕಾಳು ಸುರಿದು, ಕರಗಿದ ಮೇಲೆ ಹಿಡಿಕೆ ಜಗ್ಗಿದರೆ ಅದು ಕೆಳಗಿನ ಮೂತಿಯಿಂದ ಅಚ್ಚಿನೊಳಕ್ಕೆ ಇಳಿಯುತ್ತಿತ್ತು. ಅಚ್ಚು ಬಿಚ್ಚಿದರೆ ಬಾಚಣಿಗೆ, ಗುಂಡಿ, ಸೋಪಿನ ಡಬ್ಬಿ. ಪಕ್ಕದ ಮನೆಯ ಜಯಲಕ್ಷ್ಮೀ ಮಧ್ಯಾಹ್ನ ಬಂದು ಬಾಚಣಿಗೆಗಳ ಅಂಚು ಕೆರೆದು ಸಾಪು ಮಾಡಿ ಕೊಡುತ್ತಿದ್ದಳು. ಕಲ್ಯಾಣಮ್ಮನಿಗೆ ಆ ಮಾಡಿನ ಕೆಳಗೆ ಕೆಲಸವಿರಲಿಲ್ಲ. ಅಡುಗೆಮನೆಯಲ್ಲಿ ಕೂತೇ ಹಿಡಿಕೆಯ ಸದ್ದು ಕೇಳಿ, ಕೆಲಸ ಸಲೀಸಾಗಿ ನಡೆದಿದೆಯೋ ಇಲ್ಲವೋ ಹೇಳಬಲ್ಲವಳಾಗಿದ್ದಳು, ಅಷ್ಟೇ. ಒಬ್ಬಳೇ ಮಗಳು ಉಮಾಮಹೇಶ್ವರಿ ತಮಿಳು ಶಾಲೆಗೆ ಹೋಗುತ್ತಿದ್ದಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವುದು ಅವಳ ರೂಢಿ.

ಅರವತ್ತಮೂರನೆಯ ಇಸವಿಯಲ್ಲಿ ಪೆರಂಬೂರು ಕಡೆಯ ಒಂದು ಬಟ್ಟೆ ಗಿರಣಿಯ ಮೇಸ್ತ್ರಿ ಮುರುಗೆಪ್ಪನನ್ನು ಹುಡುಕಿಕೊಂಡು ಬಂದ. ಅವರ ಮಗ್ಗಗಳಲ್ಲಿ ಅಚ್ಚುಗಂಬಿ ತಿರುಗುವ ಕಡೆ ಹಿತ್ತಾಳೆಯ ಬುಷ್ ಇದ್ದವು. ಬುಷ್ ಅಂದರೆ ಬಳೆಯಂಥ ಗಟ್ಟಿ ತುಣುಕು, ಕಂಬಿ ಅದರ ತೂತಿನೊಳಗೆ ತಿರುಗಬೇಕು. ಹಿತ್ತಾಳೆಯದಕ್ಕೆ ದಿನಾ ಎಣ್ಣೆ ಹಾಕಬೇಕು, ಎಣ್ಣೆ ತೊಟ್ಟಿಕ್ಕಿ ನೇಯ್ದ ಬಿಳಿ ಬಟ್ಟೆಯ ಮೇಲೆ ಕಲೆ ಬೀಳುತ್ತಿತ್ತು. ಮೇಸ್ತ್ರಿ ಜೇಬಿನಿಂದ ದಂತದ ಬಣ್ಣದ ಒಂದು ಬುಷ್ ತೆಗೆದು ಮೇಜಿನ ಮೇಲಿಟ್ಟ.

"ಇದು ನೈಲಾನು. ಎಣ್ಣೆ ಬೇಡ, ಸದ್ದಿಲ್ಲ, ತುಕ್ಕಿಲ್ಲ. ನಿಮ್ಮ ಕೈಲಿ ಆಗತ್ತಾ?" ಎಂದು ತಮಿಳಿನಲ್ಲಿ ಕೇಳಿದ.

ಮುರುಗೆಪ್ಪ ಅದನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದ. ಬಾಚಣಿಗೆಯ ಪ್ಲಾಸ್ಟಿಕ್ಕಾಗಿದ್ದರೆ ಚೂರುಚೂರಾಗುತ್ತಿತ್ತು. ಇದು ಪುಟಿದು ಮಾಡಿನ ತಗಡಿಗೆ ಬಡಿದು ಅಡುಗೆಮನೆಯ ಹೊಸ್ತಿಲ ಹತ್ತಿರ ಬಿತ್ತು. ಕಲ್ಯಾಣಮ್ಮ ಎತ್ತಿಕೊಂಡು ನೋಡಿದಳು. ಒಂದು ಗೀರೂ ಇರಲಿಲ್ಲ.

"ಬಟ್ಟೆಗೂ ನೈಲಾನು, ಇದಕ್ಕೂ ನೈಲಾನು ಅಂತಾರಲ್ರೀ" ಎಂದಳು ಗಂಡನಿಗೆ.

"ಎಳೀ ಎಳದ್ರ ಸೀರಿ, ಅಚ್ಚಿಗೆ ಹಾಕಿದ್ರ ಇದು" ಎಂದ ಮುರುಗೆಪ್ಪ. ಅವನ ಕಣ್ಣು ಹೊಳೆಯುತ್ತಿತ್ತು. ವರ್ಷಾನುಗಟ್ಟಲೆ ಬಾಚಣಿಗೆ ಮಾಡಿದವನಿಗೆ ಮಗ್ಗದೊಳಗಿನ ಭಾಗ ಮಾಡುವುದೆಂದರೆ ಅಷ್ಟು ದೊಡ್ಡ ಮಾತಾಗಿತ್ತು.

ಹೈರೋಡಿನ ಗುಂಡಣ್ಣನ ಅಂಗಡಿಯಲ್ಲಿ ಆ ಕಾಳು ಸಿಕ್ಕಿತು. ಗುಂಡಣ್ಣ ಬೆಂಗಳೂರು ಕಡೆಯವನು, ಮದರಾಸಿಗೆ ಬಂದು ತಲೆ ನರೆಸಿಕೊಂಡವನು. ಊರಿನ ಪ್ಲಾಸ್ಟಿಕ್ ಕೆಲಸದವರೆಲ್ಲ ಅವನ ಗಿರಾಕಿಗಳೇ. ಅಂಗಡಿಯ ಬಾಗಿಲಲ್ಲೇ ಬಾಯಿ ಬಿಚ್ಚಿದ ಗೋಣಿಚೀಲದಲ್ಲಿ ನೈಲಾನ್ ಕಾಳು ಸಬ್ಬಕ್ಕಿಯಂತೆ ಬೆಳ್ಳಗೆ ಕಾಣುತ್ತಿತ್ತು. ಬಂದವರು ಮುಷ್ಟಿ ತುಂಬ ತೆಗೆದು ನೋಡಿ ಮತ್ತೆ ಸುರಿಯುತ್ತಿದ್ದರು. "ಬಾಚಣಿಗೆ ಥರಾನೇ ಮುರುಗೆಪ್ಪಾ, ಕಾವು ಸ್ವಲ್ಪ ಜಾಸ್ತಿ ಕೊಡು, ಅಷ್ಟೇ" ಎಂದು ಗುಂಡಣ್ಣ ತೂಗಿ ಕೊಟ್ಟ.

ಕಾರ್ತಿಕ ಮಾಸ. ಮದರಾಸಿಗೆ ಮಳೆ ಹಿಡಿದು ಗೋಡೆಗಳೆಲ್ಲ ಬೆವರುತ್ತಿದ್ದವು. ಮುರುಗೆಪ್ಪ ಬೆಳಿಗ್ಗೆ ಪೂಜೆ, ತಿಂಡಿ ಮುಗಿಸಿ ಮಿಷನ್ನಿಗೆ ಕಾಳು ಸುರಿದ. ಬಾಚಣಿಗೆಯ ಪ್ಲಾಸ್ಟಿಕ್ ಕಾವು ಏರಿದಂತೆ ಮೆಲ್ಲಗೆ ಮೆತ್ತಗಾಗಿ ಅಂಬಲಿಯಾಗುತ್ತದೆ. ಇದು ಹಾಗಲ್ಲ. ಎಷ್ಟು ಕಾಯಿಸಿದರೂ ಕಲ್ಲಿನ ಹಾಗೆ ಕೂತಿತ್ತು. ಅವನು ಕಾವು ಏರಿಸಿದ, ಮತ್ತೆ ಏರಿಸಿದ. ಆಮೇಲೆ ಇದ್ದಕ್ಕಿದ್ದ ಹಾಗೆ, ಕಲ್ಲಾಗಿದ್ದದ್ದು ನೀರಾಯಿತು. ಹಿಡಿಕೆ ಮುಟ್ಟುವ ಮೊದಲೇ ಮೂತಿಯಿಂದ ತೊಟ್ಟಿಕ್ಕತೊಡಗಿತು. ಮೊದಲು ಬಂದ ಬುಷ್‌ಗಳ ತುಂಬ ಗುಳ್ಳೆ. ಮೂತಿ ಕಟ್ಟಿದೆಯೆಂದು ತಿಳಿದು ಅವನು ಅಚ್ಚು ಸರಿಸಿ, ಎಡಗೈಯಲ್ಲಿ ತಂತಿ ಹಿಡಿದು, ಬಗ್ಗಿ ಮೂತಿಗೆ ಚುಚ್ಚಿದ.

ಅಡುಗೆಮನೆಯಲ್ಲಿದ್ದ ಕಲ್ಯಾಣಮ್ಮನಿಗೆ ಕೇಳಿದ್ದು ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂಥ ಒಂದು ಸದ್ದು ಮಾತ್ರ. ಗಂಡ ಕೂಗಿದ್ದು ಕೇಳಲಿಲ್ಲ. ಅವನು ಕೂಗಿರಲೇ ಇಲ್ಲ. ಹಿಡಿಕೆಯ ಸದ್ದು ಎಷ್ಟು ಹೊತ್ತಾದರೂ ಬಾರದ್ದರಿಂದ ಅವಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

ಮುರುಗೆಪ್ಪ ಮಿಷನ್ನಿನ ಮುಂದೆ ಕೈ ಮುಗಿದುಕೊಂಡು ನಿಂತಿದ್ದ. ಹಾಗೆ ಕಂಡಿತು ಅವಳಿಗೆ. ದೇವರ ಮುಂದೆ ನಿಂತವನ ಹಾಗೆ, ಎದೆಯ ಹತ್ತಿರ ಎರಡೂ ಕೈ ಸೇರಿಸಿ, ಆ ಕೈಗಳು ಬೇರೆ ಯಾರವೋ ಎಂಬಂತೆ ನೋಡುತ್ತಿದ್ದ. ಹತ್ತಿರ ಹೋದಾಗ ಅವಳಿಗೆ ತಿಳಿಯಿತು. ಕರಗಿದ ನೈಲಾನ್ ಎಡ ಅಂಗೈಗೆ ಚಿಮ್ಮಿತ್ತು. ಅವನು ಬಲಗೈಯಿಂದ ಒರೆಸಲು ಹೋಗಿದ್ದ. ನೀರಿನ ಹಾಗೆ ಹರಿದದ್ದು ಅಷ್ಟರಲ್ಲಿ ಅಂಟಾಗಿತ್ತು. ಬಲಗೈಯ ಬೆರಳುಗಳು ಎಡ ಅಂಗೈಗೆ ಕಚ್ಚಿಕೊಂಡಿದ್ದವು.

"ಬಿಡಸಾಕ ಬರವಲ್ದು" ಎಂದ, ಬಹಳ ಸಣ್ಣ ದನಿಯಲ್ಲಿ.

ತಾನು ಹೇಗೆ ಬೀದಿಗೆ ಓಡಿದೆನೋ ಯಾರನ್ನು ಕರೆದೆನೋ ಕಲ್ಯಾಣಮ್ಮನಿಗೆ ಮುಂದೆಯೂ ನೆನಪಾಗಲಿಲ್ಲ. ಮನೆ ತುಂಬ ಜನ ಸೇರಿದರು. ಜಯಲಕ್ಷ್ಮೀ ಸುಟ್ಟ ಗಾಯಕ್ಕೆ ಹಚ್ಚಲೆಂದು ಇಂಕಿನ ಬಾಟಲಿ ತಂದಳು. ಓಣಿಯ ತುದಿಯಲ್ಲಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಮಧ್ವರಾಜ ಒಂದು ಪಾತ್ರೆ ಇಡ್ಲಿ ಹಿಟ್ಟು ಹಿಡಿದು ಓಡಿ ಬಂದ.

"ನಮ್ಮಲ್ಲಿ ಎಣ್ಣೆ ಬಿದ್ರೆ ಇದನ್ನೇ ಹಾಕುದು ಮಾರಾಯ್ರೆ, ಹಾಕಿ, ಹಾಕಿ" ಎಂದ.

ಅಷ್ಟರಲ್ಲಿ ಗುಂಪಿನಲ್ಲಿದ್ದ ಯಾರೋ ಗಟ್ಟಿಮುಟ್ಟಾದ ಆಸಾಮಿ, ಒಳ್ಳೆಯದೇ ಮಾಡುತ್ತೇನೆಂದು, ಮುರುಗೆಪ್ಪನ ಎರಡೂ ಮಣಿಕಟ್ಟು ಹಿಡಿದು ಜಗ್ಗಿ ಕೈಗಳನ್ನು ಬೇರೆ ಮಾಡಿದ. ಬೇರೆಯಾಗಿ ಬಂದದ್ದು ನೈಲಾನ್ ಮಾತ್ರ ಅಲ್ಲ. ಆಗ ಮುರುಗೆಪ್ಪ ಕೂಗಿದ. ಆ ಕೂಗಿಗೆ ಮಧ್ವರಾಜನ ಕೈಯಿಂದ ಪಾತ್ರೆ ಜಾರಿ ಹಿಟ್ಟೆಲ್ಲ ನೆಲಕ್ಕೆ ಚೆಲ್ಲಿತು. ಶಾಲೆಗೆ ಹೊರಟು ಬಾಗಿಲಲ್ಲಿ ನಿಂತಿದ್ದ ಉಮಾ ಪುಸ್ತಕದ ಚೀಲ ಕೆಳಗೆ ಹಾಕಿ ಕಿವಿ ಮುಚ್ಚಿಕೊಂಡಳು.

ಕೈರಿಕ್ಷಾದಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಗಾಯ ತೊಳೆದ ಡಾಕ್ಟರಮ್ಮ ಕಲ್ಯಾಣಮ್ಮನ ಕಡೆ ತಿರುಗಿ, "ತಣ್ಣಿ ಊತ್ತಲಿಯಾ?" ಎಂದು ಕೇಳಿದಳು. ನೀರು ಹಾಕಲಿಲ್ಲವೇ?

ಕಲ್ಯಾಣಮ್ಮ ತಲೆಯಾಡಿಸಿದಳು, ಇಲ್ಲ ಎಂದು.

ಡಾಕ್ಟರಮ್ಮ ಬೈಯಲಿಲ್ಲ. ನಿಧಾನವಾಗಿ ತಿಳಿಸಿ ಹೇಳಿದಳು. ಬಿಸಿ ಪ್ಲಾಸ್ಟಿಕ್ ಮೈಮೇಲೆ ಬಿದ್ದರೆ ಅದು ಆರುವ ತನಕ ಒಳಗೊಳಗೇ ಸುಡುತ್ತಲೇ ಇರುತ್ತದೆ. ತಕ್ಷಣ ತಣ್ಣೀರು ಹೊಯ್ಯಬೇಕು, ಬಹಳ ಹೊತ್ತು ಹೊಯ್ಯುತ್ತಲೇ ಇರಬೇಕು. ಅಂಟಿದ್ದನ್ನು ಯಾವ ಕಾರಣಕ್ಕೂ ಕೀಳಬಾರದು, ಹಾಗೆಯೇ ಆಸ್ಪತ್ರೆಗೆ ತರಬೇಕು. ಇಂಕು, ಹಿಟ್ಟು, ಬೆಣ್ಣೆ ಏನೂ ಬೇಡ.

ಮಿಷನ್ನಿನಿಂದ ಒಂದು ಮಾರು ದೂರದಲ್ಲಿ ಹಂಡೆ ಇತ್ತು. ಆ ಬೆಳಿಗ್ಗೆ ಕಲ್ಯಾಣಮ್ಮನೇ ಕಂಠದವರೆಗೆ ನೀರು ತುಂಬಿಸಿದ್ದಳು. ಬೀದಿಯ ಜನರೆಲ್ಲ ಆ ಹಂಡೆಯನ್ನು ದಾಟಿಕೊಂಡು ಒಳಗೆ ಬಂದಿದ್ದರು.

ಸಂಕ್ರಾಂತಿಯ ಹೊತ್ತಿಗೆ ಗಾಯ ಮಾಯಿತು. ಬಲಗೈ ಬೆರಳುಗಳು ಕಲೆ ಉಳಿಸಿಕೊಂಡು ಸರಿಯಾದವು. ಎಡ ಅಂಗೈ ಮಾತ್ರ ಒಣಗಿದ ಎಲೆಯ ಹಾಗೆ ಒಳಕ್ಕೆ ಮಡಿಸಿಕೊಂಡು ಬಿಟ್ಟಿತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜಿಸುವ ಮನೆತನ ಅದು. ಹುಷಾರಾದ ಮೇಲೆ ಮೊದಲ ಸೋಮವಾರ ಮುರುಗೆಪ್ಪ ಮಿಂದು, ವಿಭೂತಿ ಧರಿಸಿ ಮಣೆಯ ಮೇಲೆ ಕೂತು, ಲಿಂಗವನ್ನು ಅಂಗೈಗಿಟ್ಟ. ಅದು ನಿಲ್ಲಲಿಲ್ಲ. ಮತ್ತೆ ಇಟ್ಟ. ಮತ್ತೆ ಜಾರಿತು. ಬಲಗೈಯಲ್ಲಿ ಹಿಡಿದು ಸುಮ್ಮನೆ ಕೂತುಬಿಟ್ಟ. ಮಠದ ಅಯ್ಯನವರು ಬಂದು, ಕೊರಳಲ್ಲಿ ಕಟ್ಟಿಕೊಂಡೇ ಮನಸ್ಸಿನಲ್ಲಿ ಪೂಜೆ ಮಾಡಿದರೂ ಶಿವ ಒಪ್ಪುತ್ತಾನೆ ಎಂದು ಹೇಳಿ ಹೋದರು. ಮುರುಗೆಪ್ಪ ಹೂಂ ಅಂದನೇ ಹೊರತು ಆ ದಿನದಿಂದ ಎಡಗೈಯನ್ನು ಟವೆಲ್ಲಿನೊಳಗೆ ಸುತ್ತಿಟ್ಟುಕೊಂಡ. ಮನೆಯೊಳಗೂ ತೆಗೆಯುತ್ತಿರಲಿಲ್ಲ. ಹಿತ್ತಿಲ ಕಡೆ ಹೋಗುವುದನ್ನೇ ಬಿಟ್ಟ.

ಅವನ ಅಣ್ಣ ಕೊಟ್ರಪ್ಪ ಊರಿನಿಂದ ಬಂದ. ಎರಡು ಹೊತ್ತು ಊಟ ಮಾಡಿ, ಹೊರಡುವ ಮುಂಚೆ ಕಲ್ಯಾಣಮ್ಮನನ್ನು ಕರೆದು ಹೇಳಿದ: "ಮಿಷನ್ ಮಾರಿಬಿಡವ್ವಾ. ಮೂರೂ ಮಂದಿ ಊರಿಗೆ ಬರ್ರಿ. ನಾ ಅದೀನಿ."

"ಮಿಷನ್ ಮಾರಿದ್ರ ಕೈ ತಿರುಗಿ ಬರತೈತೇನ್ರೀ ಭಾವಾರ?" ಎಂದಳು ಕಲ್ಯಾಣಮ್ಮ.

ಭಾವನ ಮುಂದೆ ಅವಳು ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲು. ಕೊಟ್ರಪ್ಪ ತಮ್ಮನ ಮುಖ ನೋಡಿದ. ತಮ್ಮ ಗೋಡೆ ನೋಡುತ್ತಿದ್ದ.

ಮಾರನೆಯ ದಿನ ಬೆಳಿಗ್ಗೆ ಹಿತ್ತಿಲಿನಿಂದ ಹಿಡಿಕೆಯ ಸದ್ದು ಬಂತು. ಮುರುಗೆಪ್ಪ ಬೆಚ್ಚಿ ಎದ್ದು ಬಾಗಿಲಿಗೆ ಬಂದ. ಕಲ್ಯಾಣಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಗಂಡನ ಹಳೇ ತುಂಬುತೋಳಿನ ಅಂಗಿ ತೊಟ್ಟು, ಎರಡೂ ಕೈಯಿಂದ ಹಿಡಿಕೆ ಜಗ್ಗುತ್ತಿದ್ದಳು. ಪಕ್ಕದಲ್ಲಿ ಎರಡು ಬಕೆಟ್ ನೀರು. ಅವನಿಗೆ ಕೈಸುಟ್ಟ ದಿನವೂ ಅಷ್ಟು ಗಾಬರಿಯಾಗಿರಲಿಲ್ಲವೇನೋ. ತಿರುಗಿ ಒಳಗೆ ಹೋದ. ಓಣಿಯವರೂ ಇಣುಕಿ ನೋಡಿ ಹೋದರು. ನೋಡುತ್ತ ನಿಂತವರಲ್ಲಿ ಒಳಗೆ ಬಂದು ಅಚ್ಚು ಬಿಚ್ಚಲು ಕೈ ಕೊಟ್ಟವಳು ಜಯಲಕ್ಷ್ಮೀ ಒಬ್ಬಳೇ.

ಮೊದಲು ಬಾಚಣಿಗೆ ಮಾಡಿದಳು. ಕೈ ಪಳಗಿದ ಮೇಲೆ, ನೈಲಾನ್ ಯಾಕೆ ಹಾಗೆ ಮಾಡಿತು ಎಂಬ ಪ್ರಶ್ನೆ ಹಿಡಿದು ಗಿರಣಿಯ ಮೇಸ್ತ್ರಿಯ ಹತ್ತಿರ ಹೋದಳು. ನಡೆದದ್ದು ಕೇಳಿ ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು.

"ಕಾಳನ್ನು ಒಣಗಿಸಿದ್ದರೇ?" ಎಂದು ಕೇಳಿದ.

"ಒಣಗೇ ಇತ್ತಲ್ರೀ. ಅಕ್ಕಿ ಹಂಗ ಇತ್ತು."

ಕೈಗೆ ಹಾಗೆ ಕಾಣುತ್ತದೆ, ಆದರೆ ನೈಲಾನ್ ಗಾಳಿಯಲ್ಲಿರುವ ತೇವವನ್ನು ಕುಡಿದುಕೊಂಡಿರುತ್ತದೆ ಎಂದ ಮೇಸ್ತ್ರಿ. ಗಿರಣಿಗೆ ಬಂದಿದ್ದ ಮಿಷನ್ ಕಂಪನಿಯವರು ಅವನಿಗೆ ಹೇಳಿದ್ದರಂತೆ. ಒದ್ದೆ ಕಾಳನ್ನು ಕಾದ ಕೊಳವೆಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಹೊರಗೆ ಬರಲು ದಾರಿ ಹುಡುಕುತ್ತದೆ, ಮೂತಿಯ ಮುಂದೆ ಯಾರಿದ್ದರೂ ಅವರ ಮೇಲೆ ಉಗಿಯುತ್ತದೆ. ಸೀಲು ಮಾಡಿದ ಡಬ್ಬಿಯಿಂದ ತೆಗೆದ ಕೂಡಲೇ ಬಳಸಬೇಕು, ಇಲ್ಲವೆಂದರೆ ಹದವಾದ ಒಣ ಕಾವಿನಲ್ಲಿ ಅರ್ಧ ದಿನ ಇಟ್ಟು ಬಳಸಬೇಕು. ಕಾವು ಮೀರಿದರೆ ಹಳದಿಯಾಗಿ ಘಾಟು ಹೊಗೆ ಬರುತ್ತದೆ, ಅದನ್ನು ಕುಡಿಯಬಾರದು, ಕಿಟಕಿ ಬಾಗಿಲು ತೆಗೆದಿರಬೇಕು. ಮೂತಿಯ ಎದುರು ನಿಲ್ಲಲೇಬಾರದು.

ಕಲ್ಯಾಣಮ್ಮ ಕೇಳಿಸಿಕೊಂಡಳು. ಅವಳ ಕಣ್ಣಮುಂದೆ ಗುಂಡಣ್ಣನ ಬಾಗಿಲ ಗೋಣಿಚೀಲ, ಹೊರಗೆ ಸುರಿವ ಮಳೆ, ಮುಷ್ಟಿ ಮುಷ್ಟಿ ತೆಗೆದು ಸುರಿಯುತ್ತಿದ್ದ ಜನ ಎಲ್ಲ ಬಂದು ನಿಂತರು. ಅವಳು ಗಿರಣಿಯಿಂದ ನೇರ ಹೈರೋಡಿಗೆ ನಡೆದಳು.

ಗುಂಡಣ್ಣ ತಕ್ಕಡಿ ಒರೆಸುತ್ತಿದ್ದ. "ಏನಮ್ಮಾ, ಮುರುಗೆಪ್ಪ ಎಪ್ಪಡಿ ಇದಾನೆ?" ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ವಿಚಾರಿಸಿದ, ಹೇಗಿದ್ದಾನೆ ಎಂದು.

"ಗುಂಡಣ್ಣಾರ, ಈ ಕಾಳು ನಿಮಗ ಬರೂವಾಗ ಹೆಂಗ ಬರತೈತ್ರಿ?"

"ತಗಡಿನ ಡಬ್ಬೀಲಿ. ಬೆಸುಗೆ ಹಾಕಿರತ್ತೆ. ಯಾಕೆ?"

"ಚೀಲಕ್ಕ ಯಾರು ಸುರಿದ್ರು?"

"ನಾನೇ. ಕೈಲಿ ಮುಟ್ಟಿ ನೋಡದೆ ಯಾರು ವಾಂಗ್ತಾರೆ?" ಯಾರು ಕೊಳ್ಳುತ್ತಾರೆ ಎಂದು.

"ಒಣಗಿಸದ ಹಾಕಿದ್ರ ಸಿಡೀತೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

ಗುಂಡಣ್ಣ ಬಟ್ಟೆಯನ್ನು ತಕ್ಕಡಿಯ ಮೇಲಿಟ್ಟ. ಗೊತ್ತಿರಲಿಲ್ಲ ಅನ್ನುತ್ತಾನೆ ಎಂದೇ ಅವಳು ಕಾದಿದ್ದಳು, ಹಾಗೆ ಅಂದಿದ್ದರೆ ಬೈದು ಬಂದುಬಿಡುತ್ತಿದ್ದಳೇನೋ. ಅವನು ತುಂಬುತೋಳಿನ ಅಂಗಿಯ ಮಣಿಕಟ್ಟಿನ ಗುಂಡಿ ಬಿಚ್ಚಿ ತೋಳು ಮೇಲೆ ಸರಿಸಿದ. ಮುಂಗೈಯಿಂದ ಮೊಣಕೈವರೆಗೆ ಚರ್ಮ ಕೆಂಪಗೆ ಸುಕ್ಕಾಗಿ ಹೊಳೆಯುತ್ತಿತ್ತು.

"ಗೊತ್ತಾಗಿದ್ದು ಹೀಗೆ" ಎಂದ. "ಗಿರಾಕಿಗೆ ಕರಗಿಸಿ ತೋರಿಸೋಕೆ ಹೋಗಿದ್ದೆ."

"ಯಾವಾಗ?"

"ನವರಾತ್ರಿ ಟೈಮಲ್ಲಿ."

ಕಲ್ಯಾಣಮ್ಮ ಲೆಕ್ಕ ಹಾಕಿದಳು. ನವರಾತ್ರಿಯ ಹೊತ್ತಿಗೇ ಅವನಿಗೆ ಗೊತ್ತಿತ್ತು. ಅದಾದ ಮೇಲೆಯೇ ಮುರುಗೆಪ್ಪನಿಗೆ ತೂಗಿ ಕೊಟ್ಟಿದ್ದ, ಬಾಚಣಿಗೆ ಥರಾನೇ ಎಂದು ಹೇಳಿ.

"ಹೇಳಿದ್ರೆ ಒಬ್ಬನೂ ವಾಂಗ್ತಿರಲಿಲ್ಲಮ್ಮಾ" ಎಂದ ಗುಂಡಣ್ಣ. ಅವನ ದನಿಯಲ್ಲಿ ಜಂಬವಿರಲಿಲ್ಲ, ದುಃಖವೂ ಇರಲಿಲ್ಲ. "ಸರಕೆಲ್ಲ ನನ್ನ ತಲೆ ಮೇಲೆ ಬೀಳ್ತಿತ್ತು. ನನಗೆ ಆಗಿದ್ದು ಎಲ್ಲರಿಗೂ ಆಗತ್ತಾ ಅಂದುಕೊಂಡೆ."

ಅವಳು ಹೊರಗೆ ಬಂದಳು. ಮನೆಗೆ ಹೋಗಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ, ಆ ಗೋಣಿಚೀಲದ ಪಕ್ಕದಲ್ಲಿ ಕೂತಳು. ಆಟಿಕೆಯ ಗಾಲಿ ಮಾಡುವವನೊಬ್ಬ ಬಂದು ಚೀಲಕ್ಕೆ ಕೈ ಹಾಕಿದ. ಕಲ್ಯಾಣಮ್ಮ ತನ್ನ ಹರಕು ತಮಿಳಿನಲ್ಲಿ, ಯಾವ ಪೀಠಿಕೆಯೂ ಇಲ್ಲದೆ ಅವನಿಗೆ ಹೇಳಿದಳು: ಇದು ಗಾಳಿಯ ನೀರು ಕುಡಿದಿದೆ, ಒಣಗಿಸಿ ಹಾಕು, ಮೂತಿಯ ಮುಂದೆ ಮುಖ ಕೈ ಇಡಬೇಡ, ಕೈಗವಸು ಕನ್ನಡಕ ಹಾಕಿಕೋ, ನೀರು ಹತ್ತಿರ ಇಟ್ಟುಕೋ, ಮೈಗೆ ಬಿದ್ದರೆ ನೀರು ಹೊಯ್ಯಿ, ಕೀಳಬೇಡ. ಆ ಮನುಷ್ಯ ಅವಳನ್ನೂ ಗುಂಡಣ್ಣನನ್ನೂ ನೋಡಿ ಬರಿಗೈಯಲ್ಲಿ ಹೋದ.

ಮರುದಿನ ಅಡುಗೆ ಮುಗಿಸಿ ಮತ್ತೆ ಬಂದು ಕೂತಳು. ಅದರ ಮರುದಿನವೂ.

"ಏನಮ್ಮಾ ಇದು ಅನ್ಯಾಯ, ಪೊಲೀಸು ಕರೀತೀನಿ" ಎಂದ ಗುಂಡಣ್ಣ.

"ಕರೀರಿ. ಅವರಿಗೂ ತೋಳು ತೋರಿಸ್ರಿ" ಎಂದಳು ಅವಳು, ಕೂತಲ್ಲಿಂದಲೇ.

ಪೊಲೀಸರು ಬರಲಿಲ್ಲ. ಸುದ್ದಿ ಮಾತ್ರ ಹೈರೋಡಿನ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಗಳಿಗೆಲ್ಲ ಹಬ್ಬಿ, ಜಯಲಕ್ಷ್ಮೀಯ ಬಾಯಿಂದ ಮುರುಗೆಪ್ಪನ ಕಿವಿಗೂ ಬಿತ್ತು. ತನ್ನ ಹೆಂಡತಿ ಬೀದಿಯ ಅಂಗಡಿ ಮೆಟ್ಟಿಲ ಮೇಲೆ ಕೂತು ಕಂಡಕಂಡ ಗಂಡಸರ ಹತ್ತಿರ ಮಾತಾಡುತ್ತಿದ್ದಾಳೆ ಎಂದು ಕೇಳಿ ಅವನಿಗೆ ನಂಬಿಕೆಯಾಗಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಅವನು ಅಂಗಿ ಹಾಕಿ, ಎಡಗೈಗೆ ಟವೆಲ್ ಹೊದಿಸಿ ಬೀದಿಗೆ ಇಳಿದ. ಕರೆದುಕೊಂಡು ಬರುವುದಕ್ಕೇ ಹೋಗಿದ್ದ.

ಅವನು ಹೋದಾಗ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಕಲ್ಯಾಣಮ್ಮನಿಗೆ ನಗುತ್ತ ಎದುರು ಮಾತಾಡುತ್ತಿದ್ದರು. ಪ್ಲಾಸ್ಟಿಕ್ ಸಿಡಿಯುವುದೆಂದರೇನು, ಇದೇನು ಪಟಾಕಿಯೇ, ಅಡುಗೆ ಮಾಡುವ ಹೆಂಗಸಿಗೆ ಇದೆಲ್ಲ ಏನು ಗೊತ್ತು ಎಂದು. ಅವಳ ತಮಿಳು ತಡವರಿಸಿ ನಿಂತುಹೋಗಿತ್ತು. ಅವಳು ಗಂಡನನ್ನು ನೋಡಿದಳು. ಬೈಯುತ್ತಾನೆ ಎಂದುಕೊಂಡು ಎದ್ದು ನಿಂತಳು.

ಮುರುಗೆಪ್ಪ ಅವಳನ್ನು ದಾಟಿ ಒಳಗೆ ಹೋದ. ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಮಡಿಸಿಕೊಂಡ ಆ ಅಂಗೈಯನ್ನು ಗಲ್ಲಾದ ಹಲಗೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟ. ಗಿರಾಕಿಗಳ ನಗು ನಿಂತಿತು. ಒಬ್ಬ ಹಿಂದಕ್ಕೆ ಸರಿದ.

"ಒಟ್ಟಿಕ್ಕಿಟ್ಟಾ ಇಳುಕ್ಕಾದೀಂಗ" ಎಂದ ಮುರುಗೆಪ್ಪ. ಅಂಟಿಕೊಂಡರೆ ಎಳೆಯಬೇಡಿ. "ತಣ್ಣಿ ಊತ್ತುಂಗ."

ಅವನ ತಮಿಳು ವ್ಯಾಪಾರದ ತಮಿಳು, ತಡೆಯಿಲ್ಲದ್ದು. ಒಂದೊಂದಾಗಿ ಎಲ್ಲ ಹೇಳಿದ. ಕಲ್ಲಾಗಿದ್ದದ್ದು ಹೇಗೆ ಒಮ್ಮೆಲೇ ನೀರಾಯಿತು ಎಂಬುದನ್ನು, ತಂತಿ ಚುಚ್ಚಿದ್ದನ್ನು, ಒರೆಸಲು ಹೋದದ್ದನ್ನು. ಕಲ್ಯಾಣಮ್ಮ ಬಾಯಿಬಿಟ್ಟುಕೊಂಡು ಕೇಳುತ್ತ ನಿಂತಳು. ಅವಳಿಗೂ ಅವನು ಅದನ್ನು ಹೇಳಿರಲಿಲ್ಲ.

ಗುಂಡಣ್ಣ ತಲೆ ತಗ್ಗಿಸಿ ಕೂತಿದ್ದ. ಗಿರಾಕಿಗಳು ಹೋದ ಮೇಲೆ ಅವನು ಎದ್ದು ಬಾಗಿಲ ಚೀಲವನ್ನು ಒಳಗೆ ಎಳೆದುಕೊಂಡ. ಅವನಿಗೆ ನಾಚಿಕೆಯಾಯಿತೋ, ವ್ಯಾಪಾರ ಕೆಡುತ್ತದೆ ಎಂಬ ಹೆದರಿಕೆಯೋ ಹೇಳುವುದು ಕಷ್ಟ. ಆದರೆ ಆಮೇಲೆ ಅವನು ನೈಲಾನನ್ನು ಬೆಸುಗೆ ಹಾಕಿದ ಡಬ್ಬಿಯಲ್ಲೇ ಮಾರಿದ. ಮುಟ್ಟಿ ನೋಡಲು ಬಂದವರಿಗೆ ಮೊದಲು ತನ್ನ ತೋಳು ತೋರಿಸಿ, ಆಮೇಲೆ ಡಬ್ಬಿ ಕೊಡುತ್ತಿದ್ದ. ಗಿರಾಕಿಗಳು ಸ್ವಲ್ಪ ಕಡಿಮೆಯಾದರು, ಅಂಗಡಿ ಮುಚ್ಚಲಿಲ್ಲ.

ಕಲ್ಯಾಣಮ್ಮ ತಗಡಿನ ಪೆಟ್ಟಿಗೆಯೊಂದಕ್ಕೆ ಕರೆಂಟಿನ ಕಾಯಿಲ್ ಹಾಕಿಸಿ ಕಾಳು ಒಣಗಿಸಿದಳು. ಮಾಡಿನ ಒಂದು ತಗಡು ತೆಗೆಸಿ ಹೊಗೆಗೆ ದಾರಿ ಮಾಡಿದಳು. ಮೂತಿಯ ಮುಂದೆ ತಗಡಿನ ಮರೆ, ಕೈಗೆ ಚರ್ಮದ ಗವಸು, ಕಣ್ಣಿಗೆ ವೆಲ್ಡಿಂಗ್ ಅಂಗಡಿಯ ಕನ್ನಡಕ. ಬುಷ್‌ಗಳು ಗುಳ್ಳೆಯಿಲ್ಲದೆ, ಹಲ್ಲಿನ ಹಾಗೆ ನುಣ್ಣಗೆ ಬಂದವು. ಮುರುಗೆಪ್ಪ ದೂರದಲ್ಲಿ ಕುರ್ಚಿ ಹಾಕಿಕೊಂಡು ಒಂದೊಂದನ್ನೂ ಅಳೆದು ನೋಡಿದ. ಎಲ್ಲವೂ ಅಳತೆಗೆ ಸರಿ. ಗಿರಣಿಗೆ ಕಳಿಸಿದರು.

ಮುಂದಿನ ಮಳೆಗೆ ಎಲ್ಲವೂ ವಾಪಸ್ಸು ಬಂದವು. ಕಂಬಿಗೆ ಬಿಗಿದುಕೊಂಡು ಮಗ್ಗಗಳು ನಿಂತುಹೋಗಿದ್ದವು. ಮೂಟೆಯನ್ನು ನಡುಮನೆಯಲ್ಲಿ ಸುರಿದು ಕಲ್ಯಾಣಮ್ಮ ಅದರ ಮುಂದೆ ಕುಕ್ಕರಿಸಿದಳು. ಒಣಗಿಸಿ, ನೋಡಿ, ಅಳೆದು ಮಾಡಿದ್ದು. ಎಲ್ಲಿ ತಪ್ಪಿತೆಂದು ತಿಳಿಯದೆ ಅವಳಿಗೆ ಅಳುವೂ ಬರಲಿಲ್ಲ.

ಮುರುಗೆಪ್ಪ ಒಂದು ಬುಷ್ ಎತ್ತಿ ಅಳೆದ. ಮತ್ತೊಂದು ಅಳೆದ. ಎಲ್ಲವೂ ಕೂದಲೆಳೆಯಷ್ಟು ಉಬ್ಬಿ, ತೂತು ಕಿರಿದಾಗಿತ್ತು.

"ಮಳಿಗಾಲದಾಗ ಕದ ಹಾಕಾಕ ಬರಂಗಿಲ್ಲ, ಹಂಗ" ಎಂದ. "ಮಾಡಿದ ಮ್ಯಾಲೂ ಕುಡೀತೈತಿ ಇದು. ನಾವು ಒಣಗಿದ್ದಾಗ ಅಳದೀವಿ."

"ಹಂಗಾರ?"

"ಮದಲ ಹೊಟ್ಟಿ ತುಂಬ ಕುಡಿಸಿಬಿಡೂಣು. ಆಮ್ಯಾಲ ತೂತು ತಿದ್ದೂಣು."

ಅನ್ನದ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಬುಷ್ ಬೇಯಿಸಿದರು. ಉಮಾ ಬಂದು ಮುಚ್ಚಳ ತೆಗೆದು ನೋಡಿ, "ಎನ್ನ ಸಮೈಯಲ್ ಇದು?" ಎಂದು ಕೇಳಿದಳು, ಇದೆಂಥ ಅಡುಗೆ ಎಂದು. ಮನೆಯಲ್ಲಿ ಬಹಳ ದಿನಕ್ಕೆ ನಗು ಕೇಳಿಸಿತು. ನಗುನಗುತ್ತಲೇ ಮುರುಗೆಪ್ಪ ಕುದಿವ ನೀರಿನಿಂದ ಸೌಟಿನಲ್ಲಿ ಬುಷ್ ತೆಗೆದು ಎಡ ಅಂಗೈಗೆ ಸುರಿದುಕೊಂಡ, ಹಾಗೆಯೇ ಹಿಡಿದು ನೋಡುತ್ತ ನಿಂತ. ಅವು ಹೊಗೆಯಾಡುತ್ತಿದ್ದವು.

ಕಲ್ಯಾಣಮ್ಮ ಅವನ ಕೈಗೆ ಹೊಡೆದು ಕೆಳಗೆ ಬೀಳಿಸಿದಳು. "ಸುಡಂಗಿಲ್ಲೇನ್ರಿ?"

ಅವನು ಅವಳ ಮುಖ ನೋಡಿದ. "ಗೊತ್ತಾಗಂಗಿಲ್ಲ" ಎಂದ.

ಆ ಅಂಗೈಯಲ್ಲಿ ಸ್ಪರ್ಶವೇ ಉಳಿದಿರಲಿಲ್ಲ. ಇಷ್ಟು ದಿನ ಒಂದೇ ಮನೆಯಲ್ಲಿದ್ದೂ ಅವಳಿಗೆ ತಿಳಿದಿರಲಿಲ್ಲ. ಅವಳು ಅವನನ್ನು ತೊಟ್ಟಿಗೆ ಕರೆದೊಯ್ದು ನೀರು ಹೊಯ್ಯುತ್ತಲೇ ನಿಂತಳು, ಅವನು ಸಾಕು ಅಂದರೂ ಕೇಳಲಿಲ್ಲ. ಬಿಸಿ ವಸ್ತುವಿನ ಹತ್ತಿರ ಅವನು ಬರಕೂಡದು ಎಂದು ಅಂದೇ ಕಟ್ಟುಮಾಡಿದಳು. ಅಳೆಯುವುದು, ತೂತು ತಿದ್ದುವುದು ಅವನ ಪಾಲಿಗೆ, ಕಾವಿನ ಕೆಲಸ ಅವಳ ಮತ್ತು ಜಯಲಕ್ಷ್ಮೀಯ ಪಾಲಿಗೆ.

ತಿದ್ದಿದ ಬುಷ್‌ಗಳು ನಿಂತವು. ಮಳೆ ಮುಗಿದು ಬೇಸಿಗೆ ಬಂದು ಹೋದರೂ ವಾಪಸ್ಸು ಬರಲಿಲ್ಲ. ಗಿರಣಿಯವರು ಇನ್ನಷ್ಟು ಕೇಳಿದರು. ಅರವತ್ತೇಳರಲ್ಲಿ ಎರಡನೆಯ ಮಿಷನ್ನು ಬಂತು.

ಆ ವರ್ಷ ಮೇಸ್ತ್ರಿ ಗಂಡಹೆಂಡಿರಿಬ್ಬರನ್ನೂ ಮಗ್ಗ ನೋಡಲು ಕರೆದ. ಬಾಗಿಲು ತೆಗೆದ ಕೂಡಲೇ ಕಲ್ಯಾಣಮ್ಮ ಹಿಂದಕ್ಕೆ ಹೆಜ್ಜೆಯಿಟ್ಟಳು. ಅಂಥ ಸದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸಾಲುಸಾಲು ಮಗ್ಗಗಳು ನೆಲ ನಡುಗಿಸುತ್ತ ಬಡಿಯುತ್ತಿದ್ದವು. ಅವಳು ಮಾಡಿದ ಬುಷ್ ಎಲ್ಲಿದೆಯೋ ಕಾಣಲೂ ಇಲ್ಲ, ಕಬ್ಬಿಣದೊಳಗೆ ಅಡಗಿತ್ತು. ಮೇಸ್ತ್ರಿ ಬೆರಳು ತೋರಿಸಿದ ಕಡೆ ಬಗ್ಗಿ ನೋಡಿದಳು. ಅಲ್ಲಿ ಎಣ್ಣೆಯಿರಲಿಲ್ಲ. ಅದರ ಕೆಳಗೆ ಬಟ್ಟೆ ಹಾಲಿನ ಹಾಗೆ ಬೆಳ್ಳಗೆ ಸುತ್ತಿಕೊಳ್ಳುತ್ತಿತ್ತು. ಅವಳು ಬೆರಳ ತುದಿಯಿಂದ ಮುಟ್ಟಿ ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡಳು.

ಮುರುಗೆಪ್ಪ ಅವಳ ಕಿವಿಯ ಹತ್ತಿರ ಬಂದು ಏನೋ ಹೇಳಿದ. ಅವಳಿಗೆ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಮತ್ತೆ ಹೇಳಿದ. ಕೇಳಲಿಲ್ಲ. ಹೊರಗೆ ಬಂದು ಬಾಗಿಲು ಮುಚ್ಚಿದ ಮೇಲೆ ಕೇಳಿದಳು: "ಒಳಗ ಏನಂದ್ರಿ?"

"ಹಸಿವಾಗೇತಿ ಅಂದೆ" ಎಂದ ಮುರುಗೆಪ್ಪ. "ಮಧ್ವರಾಜನ ಹೋಟಲಿಗೆ ಹೋಗಿ ಏನಾರ ತಿನ್ನೂಣು ನಡಿ."